ಥ್ರಾಟ್ಲಿಂಗ್‌ಗೆ ಏನೆನ್ನೋಣ? ಕಾಯುವುದು, ಆರುವುದು, ತಗ್ಗುವುದು

ಬಳಗದ ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಕಳೆದ ಮೇ ತಿಂಗಳಲ್ಲಿ ಫೋನ್ ಮಾಡಿ, "ಮಾಮಾ, ಲ್ಯಾಪ್‌ಟಾಪ್ ಭಾಳ ಕಾಯ್ಲಕತ್ತದ, ಆಟ ಆಡ್ಲಕತ್ರ ನಡುನಡುವ ನಿಂತು ನಿಂತು ಹೋಗ್ತದ" ಅಂದ. ಹೊರಗೆ 42 ಡಿಗ್ರಿ ಬಿಸಿಲು. ಹಾಸಿಗೆಯ ಮೇಲಿಟ್ಟ ಗೇಮಿಂಗ್ ಲ್ಯಾಪ್‌ಟಾಪಿನ ಪ್ರೊಸೆಸರ್ 97 ಡಿಗ್ರಿ ತೋರಿಸುತ್ತಿತ್ತು. ಅವನಿಗೂ ಹಾಸ್ಟೆಲ್ಲಿನ ಗೆಳೆಯರಿಗೂ ಉಪಯೋಗವಾಗಲಿ ಎಂದು ಕನ್ನಡದಲ್ಲೇ ನಾಲ್ಕು ಪುಟದ ಕೈಪಿಡಿ ಬರೆಯಲು ಕೂತೆ. ಮೊದಲ ಪುಟ ದಾಟುವ ಮೊದಲೇ ಪದಗಳು ಕೈಕೊಟ್ಟವು. ಆ ತೊಡಕನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮುಖ್ಯ ಪ್ರಶ್ನೆ ಥ್ರಾಟ್ಲಿಂಗ್ ಎಂಬ ಪದದ್ದು. ಇಂಥ ಪ್ರೊಸೆಸರ್‌ಗಳಿಗೆ ತಯಾರಕರು ಒಂದು ಮೇಲ್ಮಿತಿ ಇಟ್ಟಿರುತ್ತಾರೆ, ಬಹಳಷ್ಟು ಇಂಟೆಲ್ ಚಿಪ್‌ಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್. ಅದರ ಅಂಚಿಗೆ ಬಂದ ಕೂಡಲೇ ಚಿಪ್ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದೇ ಥ್ರಾಟ್ಲಿಂಗ್. ಆಟ ಮುಗ್ಗರಿಸುವುದು ಆಗಲೇ. ಇಂಗ್ಲಿಷಿನಲ್ಲಿ ಈ ಪದಕ್ಕೆ ಗಂಟಲಿನ ನಂಟಿದೆ. ಯಂತ್ರಾನುವಾದದ ಒಂದು ಪುಟದಲ್ಲಿ ಇದನ್ನು 'ಉಷ್ಣ ಉಸಿರುಗಟ್ಟಿಸುವಿಕೆ' ಎಂದು ಓದಿ ನನಗೆ ನೋವಾಯಿತು. ತನ್ನನ್ನು ಕಾಪಾಡಿಕೊಳ್ಳಲು ಚಿಪ್ ಮಾಡುವ ಕೆಲಸವನ್ನು ಯಾರೋ ಅದರ ಕತ್ತು ಹಿಸುಕಿದಂತೆ ಹೇಳಿದರೆ ಓದುವ ಹುಡುಗ ಏನು ತಿಳಿದುಕೊಳ್ಳಬೇಕು?

ಹಾಗಾದರೆ ಥ್ರಾಟ್ಲಿಂಗ್ ಎಂದೇ ಬಿಡೋಣವೇ? ಅದರಲ್ಲೂ ತೊಡಕಿದೆ. ಬೈಕ್ ಓಡಿಸುವ ಹುಡುಗರಿಗೆ 'ಥ್ರಾಟಲ್ ಕೊಡು' ಎಂದರೆ ವೇಗ ಏರಿಸು ಎಂದೇ ಅರ್ಥ. 'ನಿನ್ನ ಲ್ಯಾಪ್‌ಟಾಪ್ ಥ್ರಾಟಲ್ ಆಗುತ್ತಿದೆ' ಎಂದು ನಾನು ಹೇಳಿದಾಗ ನನ್ನ ಅಳಿಯ, ಹೆಚ್ಚು ಓಡಿ ಕಾಯುತ್ತಿದೆ ಎಂದುಕೊಂಡಿದ್ದ. ನಡೆಯುತ್ತಿದ್ದುದು ತದ್ವಿರುದ್ಧ.

'ಕಡಿವಾಣ', 'ಲಗಾಮು' ಎಂದು ಇಬ್ಬರು ಗೆಳೆಯರು ಸೂಚಿಸಿದರು. ಚೆಂದದ ಪದಗಳೇ, ಆದರೆ ಕಡಿವಾಣ ಹಾಕುವವರು ಬೇರೆ, ಹಾಕಿಸಿಕೊಳ್ಳುವವರು ಬೇರೆ. ಇಲ್ಲಿ ಎರಡೂ ಒಬ್ಬರೇ. 'ವೇಗ ಕಡಿತ' ಎಂದರೆ ಯಾರು ಕಡಿದರು ಎಂಬುದೇ ಮರೆಯಾಗುತ್ತದೆ. ಕೈಪಿಡಿಯ ಮಟ್ಟಿಗೆ ಅದೇ ದೊಡ್ಡ ದೋಷ, ಏಕೆಂದರೆ ಬಿಸಿ ತಡೆಯಲು ಇಳಿಸುವ ಬಗೆ ಒಂದೇ ಅಲ್ಲ. ಚಿಪ್ ತಾನೇ ಇಳಿಯುವುದು ಒಂದು. ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿ ಟರ್ಬೊ (ಚಿಪ್ ಆಗಾಗ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲಿಸುವುದು ಇನ್ನೊಂದು, ಅದು ನಾವೇ ಬೇಕೆಂದು ಮಾಡುವುದು. ಮೂರನೆಯದು ಅಂಡರ್‌ವೋಲ್ಟಿಂಗ್, ಅದರಲ್ಲಿ ಇಳಿಯುವುದು ವೋಲ್ಟೇಜ್ ಮಾತ್ರ, ವೇಗ ಅಷ್ಟೇ ಇರುತ್ತದೆ. ಕನ್ನಡದಲ್ಲಿ ಸಿಗುವ ಬರಹಗಳು ಈ ಮೂರನ್ನೂ 'ಕಾರ್ಯಕ್ಷಮತೆ ಕಡಿಮೆ ಮಾಡುವುದು' ಎಂಬ ಒಂದೇ ಚೀಲಕ್ಕೆ ತುಂಬಿರುವುದನ್ನು ನೋಡಿದ್ದೇನೆ.

ನನಗೆ ತೋಚಿದ ದಾರಿ ನಮ್ಮ ಕ್ರಿಯಾಪದದಲ್ಲೇ ಇದೆ: ತಗ್ಗು, ತಗ್ಗಿಸು, ತಗ್ಗಿಸಿಕೊಳ್ಳು. ತಾಪ ತಗ್ಗುತ್ತದೆ. ನಾವು ಮಿತಿ ತಗ್ಗಿಸುತ್ತೇವೆ. ಚಿಪ್ ವೇಗ ತಗ್ಗಿಸಿಕೊಳ್ಳುತ್ತದೆ. ಆ 'ಕೊಳ್ಳು' ಒಂದೇ ಸೇರಿದರೆ ಸಾಕು, ಮಾಡಿದ್ದು ಯಾರು, ಯಾರಿಗಾಗಿ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ವಾಕ್ಯದಲ್ಲಿ ಇದು ಸೊಗಸಾಗಿ ಕೂರುತ್ತದೆ. ಆದರೆ ಶೀರ್ಷಿಕೆಗೆ, ಪರದೆಯ ಮೇಲಿನ ಪುಟ್ಟ ಗುಂಡಿಗೆ ಒಂದು ನಾಮಪದ ಬೇಕಲ್ಲ. 'ತಗ್ಗಿಸಿಕೊಳ್ಳುವಿಕೆ' ಬಾಯಿಗೂ ಭಾರ, ಕಣ್ಣಿಗೂ ಭಾರ. 'ಸ್ವಯಂತಗ್ಗು' ಎಂದು ಒಮ್ಮೆ ಬರೆದು ಹೊಡೆದುಹಾಕಿದೆ.

ಅಂಡರ್‌ವೋಲ್ಟಿಂಗ್‌ನದು ಬೇರೆಯೇ ಕಥೆ. 'ಕಡಿಮೆ ವೋಲ್ಟೇಜ್' ಎಂದು ಬರೆದಿದ್ದೆ. ಒಕ್ಕಲುತನ ಮಾಡುವ ನಮ್ಮ ಭಾವ ಅದನ್ನು ಓದಿ, ಮಗನಿಗೆ ಅದನ್ನು ಮುಟ್ಟಬೇಡ ಅಂದರು. ಅವರ ಅನುಭವದಲ್ಲಿ ಲೋ ವೋಲ್ಟೇಜ್ ಎಂದರೆ ಪಂಪ್‌ಸೆಟ್ ಮೋಟಾರ್ ಸುಟ್ಟುಹೋಗುವುದು. ಅವರ ಮಾತು ನಿಜವೇ. ಹೊರೆ ಅಷ್ಟೇ ಇದ್ದು ವೋಲ್ಟೇಜ್ ಬಿದ್ದಾಗ ಮೋಟಾರ್ ಹೆಚ್ಚು ಕರೆಂಟ್ ಎಳೆದು ಸುರುಳಿ ಕಾಯುತ್ತದೆ. ಚಿಪ್ಪಿನ ನಡೆ ಹಾಗಲ್ಲ. ಅದರ ವಿದ್ಯುತ್ ಬಳಕೆಯ ಬಹುಪಾಲು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೋಲ್ಟೇಜ್ ಶೇ. 10ರಷ್ಟು ಇಳಿದರೆ ಆ ಪಾಲು ಶೇ. 19ರಷ್ಟು ಇಳಿಯುತ್ತದೆ. ಅತಿಯಾಗಿ ಇಳಿಸಿದರೆ ಯಂತ್ರ ಸ್ತಬ್ಧವಾಗುತ್ತದೆ ಅಥವಾ ಮತ್ತೆ ಶುರುವಾಗುತ್ತದೆ, ಸುಡುವುದಿಲ್ಲ. (2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯವನ್ನೇ ಮುಚ್ಚಿದ್ದಾರೆ, ಅದು ಬೇರೆ ಮಾತು.) ಹೀಗಾಗಿ ನಾಡಿನಲ್ಲಿ ಈಗಾಗಲೇ ಹೆದರಿಕೆ ಹೊತ್ತಿರುವ 'ಕಡಿಮೆ ವೋಲ್ಟೇಜ್' ಇಲ್ಲಿ ಬೇಡ. 'ವೋಲ್ಟೇಜ್ ಇಳಿಕೆ' ಎಂದು ಸದ್ಯಕ್ಕೆ ಇಟ್ಟಿದ್ದೇನೆ. 'ಕಡಿಮೆ' ಕೊರತೆಯನ್ನು ಹೇಳುತ್ತದೆ, 'ಇಳಿಕೆ' ಬೇಕೆಂದು ಮಾಡಿದ್ದನ್ನೂ ಹೇಳಬಲ್ಲದು. ನಿಮಗೆ ಹಾಗೆ ಅನ್ನಿಸುತ್ತದೆಯೇ?

ಇನ್ನು ಕಾಯುವುದು. ನಮ್ಮ ಕಡೆ ಹಂಚು ಕಾಯುತ್ತದೆ, ನೀರು ಕಾಯುತ್ತದೆ, ಈಗ ಲ್ಯಾಪ್‌ಟಾಪೂ ಕಾಯುತ್ತದೆ. ಬೆಂಗಳೂರಿನಲ್ಲಿ 'ಹೀಟ್ ಆಗುತ್ತೆ' ಅನ್ನುತ್ತಾರೆ. ಬರಹದಲ್ಲಿ 'ಅಧಿಕ ಉಷ್ಣತೆ ಉಂಟಾಗುತ್ತದೆ' ಎಂದು ನೀರಸವಾಗಿ ಎಳೆಯುವುದಕ್ಕಿಂತ 'ಕಾಯುತ್ತದೆ' ಎಷ್ಟೋ ಮೇಲು. ಕಾದುಕೊಂಡಿರು ಎಂಬ ಇನ್ನೊಂದು ಅರ್ಥ ಅಡ್ಡ ಬರುತ್ತದೆ ಎಂದು ಒಬ್ಬರು ಆಕ್ಷೇಪಿಸಿದರು. ಲ್ಯಾಪ್‌ಟಾಪ್ ಯಾರಿಗೂ ಕಾಯುವುದಿಲ್ಲವಾದ್ದರಿಂದ ಆ ಭಯ ನನಗಿಲ್ಲ. ಬದಿಯ ಕಿಂಡಿಯಿಂದ ಬರುವ ಬಿಸಿಗಾಳಿಗೆ 'ಝಳ' ಎಂದೆ. ಒಲೆಯ ಝಳ, ಬಿಸಿಲ ಝಳ ಗೊತ್ತಿದ್ದವರಿಗೆ ವಿವರಣೆಯೇ ಬೇಕಾಗಲಿಲ್ಲ.

ಕಷ್ಟವಾದದ್ದು ಅದರ ಎದುರು ಪದ. ಫ್ಯಾನ್ ತಂಪನ್ನು ತರುವುದಿಲ್ಲ, ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಕೋಣೆಯೇ 42 ಡಿಗ್ರಿ ಇದ್ದರೆ ಅದು ಎಷ್ಟು ಬೀಸಿದರೂ ಅದಕ್ಕಿಂತ ಕೆಳಗೆ ಇಳಿಸಲಾರದು. ಆದ್ದರಿಂದ 'ತಂಪಾಗಿಸು' ಸರಿಯಲ್ಲ, ಕಾಫಿ ಆರಿಸಿದಂತೆ 'ಆರಿಸು' ಎಂಬುದೇ ತಕ್ಕ ಪದ. ಹಳಗನ್ನಡದಲ್ಲಿ ಇದು ಱಕಾರದ ಆಱು, ತಮಿಳಿನಲ್ಲೂ ಇದೇ ಅರ್ಥದಲ್ಲಿದೆ. ಆದರೆ 'ಲ್ಯಾಪ್‌ಟಾಪ್ ಆರಿಸಿ' ಎಂದು ಬರೆದರೆ ದೀಪ ಆರಿಸಿದಂತೆ ಬಂದ್ ಮಾಡಿ ಎಂದು ಒಬ್ಬರು ಓದುತ್ತಾರೆ, ಅಂಗಡಿಯಲ್ಲಿ ಒಂದನ್ನು ಆಯ್ದುಕೊಳ್ಳಿ ಎಂದು ಇನ್ನೊಬ್ಬರು. ಕಾಯು ಎಂಬಲ್ಲಿ ತೊಡಕಾಗದ ಎರಡರ್ಥ ಇಲ್ಲಿ ನಿಜಕ್ಕೂ ತೊಡಕಾಗಿದೆ. 'ಬಿಸಿ ಆರಿಸಿ' ಎಂದು ಬಿಸಿಯನ್ನು ಜೊತೆಗಿಟ್ಟರೆ ಪಾರಾಗಬಹುದೇನೋ.

ಉಷ್ಣ (ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಬಿಸಿ, ಹೀಟ್) ಮತ್ತು ತಾಪ (ಡಿಗ್ರಿಯಲ್ಲಿ ಅಳೆಯುವ ಟೆಂಪರೇಚರ್) ಎರಡನ್ನೂ ಬೇರೆಯಾಗಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಿಲುವು. ಕಾರಣ ಇದು. ಹುಡುಗ ಲ್ಯಾಪ್‌ಟಾಪ್ ಬಿಚ್ಚಿಸಿ, ಹಣಿಗೆಯ ಹಲ್ಲಿನಂಥ ತಾಮ್ರದ ಪಟ್ಟಿಗಳ ನಡುವೆ ಕಟ್ಟಿದ್ದ ಧೂಳು ತೆಗೆಸಿ, ಚಿಪ್ಪಿಗೆ ಅದರ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಹೊಸ ಪೇಸ್ಟ್ ಹಾಕಿಸಿದ. ಆಮೇಲೂ ತಾಪ 95 ಡಿಗ್ರಿಯ ಆಸುಪಾಸಿನಲ್ಲೇ ಇತ್ತು, ದುಡ್ಡು ದಂಡವಾಯಿತೆಂದು ಬೇಸರಪಟ್ಟ. ವೇಗ ನೋಡು ಎಂದೆ. ಆಟದಲ್ಲಿ ಮೊದಲು 2.8 ಗಿಗಾಹರ್ಟ್ಸ್‌ಗೆ ಇಳಿಯುತ್ತಿದ್ದುದು ಈಗ 3.6ರಲ್ಲಿ ನಿಂತಿತ್ತು. ಹೊರಗೆ ಸಾಗುವ ಉಷ್ಣ ಹೆಚ್ಚಾಗಿತ್ತು, ಚಿಪ್ ಆ ಬಿಡುವನ್ನು ವೇಗಕ್ಕೆ ಬಳಸಿಕೊಂಡಿತ್ತು. ಉಷ್ಣವನ್ನೂ ತಾಪವನ್ನೂ ಒಂದೇ ಎಂದುಕೊಂಡಿದ್ದರೆ ಇದನ್ನು ಅವನಿಗೆ ಬಿಡಿಸಿ ಹೇಳುವುದೇ ಆಗುತ್ತಿರಲಿಲ್ಲ. ದಿನಪತ್ರಿಕೆಯ 'ಉಷ್ಣಾಂಶ' ಹವಾಮಾನಕ್ಕೆ ಸರಿ, ಇಲ್ಲಿ ಅದು ಉಷ್ಣದ ಜೊತೆ ಕಲಸಿಹೋಗುತ್ತದೆ. ಪೇಸ್ಟ್‌ಗೆ 'ಲೇಪ' ಬೇಡ, ರಿಪೇರಿ ಅಂಗಡಿಯಲ್ಲಿ ಕೇಳಬೇಕಾದ್ದು ಪೇಸ್ಟ್ ಎಂದೇ.

ಮತ್ತೆ ಥ್ರಾಟ್ಲಿಂಗ್‌ಗೆ ಬರುತ್ತೇನೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಹೊತ್ತಿಗೆ ಅವ್ವ 'ಉರಿ ಸಣ್ಣ ಮಾಡು' ಅನ್ನುತ್ತಿದ್ದಳು. ಸೌದೆ ಒಲೆಯಾದರೆ ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಚಿಪ್ ಮಾಡುವುದೂ ಅದನ್ನೇ: ಉಕ್ಕುವ ಮೊದಲು ತನ್ನ ಉರಿಯನ್ನು ತಾನೇ ಸಣ್ಣ ಮಾಡಿಕೊಳ್ಳುವುದು. ಈ ಕೆಲಸಕ್ಕೆ ಒಂದೇ ಪದದ ಹೆಸರು ಎಲ್ಲಾದರೂ ಇರಲೇಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಹದಕ್ಕೆ ಬಂದಾಗ ಉರಿ ತಗ್ಗಿಸುವುದಕ್ಕೆ ಮಂಡ್ಯದ ಕಡೆ ಏನನ್ನುತ್ತಾರೆ? ಕುಂಬಾರರ ಆವಿಗೆಯಲ್ಲಿ, ಕಮ್ಮಾರರ ಕುಲುಮೆಯಲ್ಲಿ ತಿದಿಯ ಗಾಳಿ ಕಡಿಮೆ ಮಾಡುವುದಕ್ಕೆ ಏನು ಮಾತಿದೆ? ನಿಮ್ಮ ಮನೆಯಲ್ಲಿ, ಊರಿನಲ್ಲಿ ಕೇಳಿದ ಪದ ಎಷ್ಟೇ ಚಿಕ್ಕದಿರಲಿ, ಯಾವ ಊರಿನದೆಂಬುದನ್ನೂ ಸೇರಿಸಿ ಬರೆಯಿರಿ. ಕೈಪಿಡಿಯ ಎರಡನೆಯ ಪುಟದ ಶೀರ್ಷಿಕೆಯ ಜಾಗ ಖಾಲಿ ಬಿಟ್ಟಿದ್ದೇನೆ.