ಫೈಬರ್ ಬೋಟಿನ ಒಳಗಿನ ಮರ ಲಡ್ಡಾಗಿದೆ, ಎಂಜಿನ್ ಅಲ್ಲಾಡುತ್ತಿದೆ

ಚನ್ನಗಿರಿ ಕಡೆಯವ:
ನಮಸ್ಕಾರ. ನನ್ನದು ಮಲ್ಪೆಯಿಂದ ತಂದ ಹಳೇ ಫೈಬರ್ ಬೋಟ್, 14 ಅಡಿ. ಸೂಳೆಕೆರೆಯಲ್ಲಿ ಓಡಿಸುತ್ತೇನೆ. ಹಿಂದೆ 15 ಎಚ್‌ಪಿ ಎಂಜಿನ್ ಇದೆ. ಹೋದ ತಿಂಗಳಿಂದ ಸ್ಪೀಡ್ ಕೊಟ್ಟರೆ ಸಾಕು, ಎಂಜಿನ್ ಜೊತೆ ಹಿಂದಿನ ಗೋಡೆಯೂ ಬಾಗುತ್ತಿದೆ. ಹೊರಗೆ ಒಂದು ಬಿರುಕೂ ಇಲ್ಲ. ಬೋಲ್ಟ್ ಬಿಗಿ ಮಾಡಲು ಹೋದರೆ ವಾಷರ್ ಒಳಕ್ಕೆ ಕುಸಿಯಿತು. ಬಿಚ್ಚಿದಾಗ ಚಹಾ ಬಣ್ಣದ ನೀರು ತೊಟ್ಟಿಕ್ಕಿತು, ನೆನೆದ ಗೋಣಿಚೀಲದ ವಾಸನೆ. ಒಬ್ಬರು "ತೂತು ಹೊಡೆದು ರೆಸಿನ್ ಸುರಿ, ಕಲ್ಲಾಗುತ್ತೆ" ಅನ್ನುತ್ತಾರೆ. ಅಷ್ಟು ಸಾಕಾ?

ಹರಿಹರದ ಹೊಳೆದಂಡೆ:
ಎಂಜಿನ್ ಮಾರಿ ಹರಿಗೋಲು ತಗೊಳ್ಳಿ ಅಣ್ಣಾ. ಡಾಂಬರು ಬಳಿದರೆ ಮುಗಿಯಿತು :)

ಹಿರಿಯೂರಿನವ:
ಸಾಕಾಗಲ್ಲ ಸರ್. ಒದ್ದೆ ಮರ ರೆಸಿನ್ ಕುಡಿಯುವುದಿಲ್ಲ. ಸುರಿದಿದ್ದು ತೂತಿನ ಸುತ್ತ ಗಟ್ಟಿಯಾಗುತ್ತದೆ, ಪಕ್ಕದ ಲಡ್ಡು ಲಡ್ಡಾಗಿಯೇ ಇರುತ್ತದೆ. ನಾನೂ ಹಾಗೇ ಮಾಡಿ ದುಡ್ಡು ಕಳೆದವನು. 2022ರಲ್ಲಿ ನಮ್ಮ ಮಾರಿಕಣಿವೆ ಡ್ಯಾಂ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆಗ ಊರೆಲ್ಲ ನೀರು ನೋಡಲು ಹೋಗಿತ್ತು. ನಾನು ಮನೆಯಲ್ಲಿ ಕೂತು ಬೋಟಿನಿಂದ ಚಮಚದಲ್ಲಿ ಮರ ತೆಗೆಯುತ್ತಿದ್ದೆ! ಸೋಸಿದ ಕಾಫಿಪುಡಿ ಹಾಗೆ ಬರುತ್ತಿತ್ತು.

ಮೊದಲು ಸುತ್ತಿಗೆಯ ಹಿಡಿಯಿಂದ ತಟ್ಟಿ. ಹಲಸಿನಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ. ಟಣ್ ಅಂದರೆ ಗಟ್ಟಿ, ಧೊಪ್ ಅಂದರೆ ಹೋಗಿದೆ. ಧೊಪ್ ಅಂದ ಕಡೆಯೆಲ್ಲ ಚಾಕ್‌ಪೀಸಲ್ಲಿ ಗೆರೆ ಹಾಕಿ. ಆಮೇಲೆ ಮರದ ಒಳಗಡೆಯ ಫೈಬರ್ ಪದರ ಮಾತ್ರ ಗ್ರೈಂಡರ್‌ನಲ್ಲಿ ಕತ್ತರಿಸಿ, ಸುತ್ತ ಎರಡು ಇಂಚು ಅಂಚು ಬಿಡಿ. ಹೊರಗಿನ ಪದರ ಮುಟ್ಟಬೇಡಿ. ಮರ ತೆಗೆದ ಮೇಲೆ ಬೋಟಿನ ಹಿಂಭಾಗ ಅಗಲವಾಗಿಬಿಡಬಹುದು. ಅದಕ್ಕೇ ಮುಂಚೆಯೇ ಅಡ್ಡ ಒಂದು ರೀಪು ಕಟ್ಟಿ. ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು. ಆ ಪುಡಿಯ ನವೆ ಎರಡು ದಿನ ಬಿಡಲ್ಲ.

ಪ್ಲೈವುಡ್ ಕೇಳುವಾಗ ಸುಮ್ನೆ 'ವಾಟರ್‌ಪ್ರೂಫ್' ಅನ್ನಬೇಡಿ. ಶೀಟಿನ ಮೇಲೆ ಐಎಸ್ 710 ಮುದ್ರೆ ಇರಬೇಕು. 303 ಅಂತಿದ್ದರೆ ಅದು ಮನೆ ಕೆಲಸದ್ದು. 18 ಎಂಎಂನ ಎರಡು ಹಲಗೆ ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸಿ ಗಟ್ಟಿಯಾಗುವ ರೆಸಿನ್) ಅಂಟಿಸಿದರೆ ದಪ್ಪ ಸರಿಹೋಗುತ್ತದೆ, ಆದರೂ ಹಳೆಯದನ್ನು ಅಳೆದುಕೊಳ್ಳಿ. ಆರೂ ಮುಖಕ್ಕೆ ಎಪಾಕ್ಸಿ ಬಳಿಯಿರಿ, ಕತ್ತರಿಸಿದ ಅಂಚಿಗೆ ಇನ್ನೂ ಜಾಸ್ತಿ. ಮೇಲಿನ ಪದರಕ್ಕೆ ನೇಯ್ದ ಗ್ಲಾಸ್ ಬಟ್ಟೆ ಹಾಕಿ. ಅಂಗಡಿಯ ಮಾಮೂಲಿ ಮ್ಯಾಟ್ (ಗ್ಲಾಸ್ ನಾರಿನ ತುಂಡು ಅಂಟಿಸಿದ ಹಾಳೆ) ಎಪಾಕ್ಸಿಯಲ್ಲಿ ಸರಿಯಾಗಿ ನೆನೆಯುವುದಿಲ್ಲ, ಅದು ಪಾಲಿಯೆಸ್ಟರ್ ರೆಸಿನ್‌ಗೆ ಮಾಡಿದ್ದು.

ಖರ್ಚು ಉಳಿಸಲು ಪಾಲಿಯೆಸ್ಟರೇ ಹಾಕುತ್ತೀರಾದರೆ ಒಂದು ಮಾತು. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣವನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಎರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ತಮಾಷೆ ಅಲ್ಲ.

ಎಪಾಕ್ಸಿಯಾಗಲಿ ಪಾಲಿಯೆಸ್ಟರ್ ಆಗಲಿ, ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಕಲಸಬೇಡಿ. ಮಗ್ಗಿನಲ್ಲೇ ಹೊಗೆ ಬರುತ್ತದೆ. ಬೆಳಗ್ಗೆ ಎಂಟರೊಳಗೆ ಮುಗಿಸಿ.

ಚನ್ನಗಿರಿ ಕಡೆಯವ:
ಬಿಚ್ಚಿದೆ ಸರ್. ಮೇಲಿನ ಬೋಲ್ಟುಗಳ ಹತ್ತಿರ ಮರ ಪರವಾಗಿಲ್ಲ. ಕೆಳಗೆ ನೀರು ಬಿಡುವ ತೂತಿನ ಸುತ್ತ ಪೂರ್ತಿ ಕಪ್ಪು, ಕೈಯಲ್ಲೇ ಕಿತ್ತು ಬಂತು.

ಹಿರಿಯೂರಿನವ:
ಸಿಕ್ಕಿತಲ್ಲ ಕಳ್ಳ! ಆ ತೂತನ್ನು ಕೊರೆದವರು ಮರದ ಬಾಯಿ ಹಾಗೇ ಬಿಟ್ಟಿದ್ದಾರೆ. ಹೊಸ ಹಲಗೆಯಲ್ಲಿ ಪ್ರತಿ ತೂತನ್ನೂ ದೊಡ್ಡದಾಗಿ ಕೊರೆಯಿರಿ. 10 ಎಂಎಂ ಬೋಲ್ಟಿಗೆ 16 ಎಂಎಂ. ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ನಡುವೆ ಮತ್ತೆ 10 ಎಂಎಂ ಕೊರೆಯಿರಿ. ಬೋಲ್ಟ್ ಮರವನ್ನು ಮುಟ್ಟಲೇಬಾರದು.

ನೀರು ಅಲ್ಲಿಂದ ಮುಂದಕ್ಕೂ ಹೋಗಿರಬಹುದು. ತಳದ ಒಳಗೆ ಮರವಿರುವ ಉದ್ದ ಪಟ್ಟಿಗಳ ಹಿಂತುದಿಯಲ್ಲಿ 5 ಎಂಎಂ ತೂತು ಹೊಡೆದು ನೋಡಿ. ಒಣಗಿದ, ತಿಳಿ ಬಣ್ಣದ ಮರದ ಪುಡಿ ಬಂದರೆ ಎಪಾಕ್ಸಿಯಲ್ಲಿ ಮುಚ್ಚಿಬಿಡಿ. ಒದ್ದೆ, ಕಡು ಕಂದು ಬಂದರೆ ಫೋಟೋ ಹಾಕಿ, ಹೊಸ ಹಲಗೆ ಕೂರಿಸಬೇಡಿ.