ಡೇನಿಶ್ ಹೆಣ್ಣು ಹೆಸರು: ಮೆಟ್ಟೆ, ಬೋಡಿಲ್ (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಡೆನ್ಮಾರ್ಕಿನ ಮಕ್ಕಳ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅಕ್ಕ ಮೆಟ್ಟೆ, ತಂಗಿ ಬೋಡಿಲ್. ಕರಡು ಓದಿದ ನನ್ನ ಮಗ, "ಒಬ್ಬಳು ಚಪ್ಪಲಿ, ಇನ್ನೊಬ್ಬಳು ಬೋಳುತಲೆ" ಅಂತ ಬಿದ್ದು ಬಿದ್ದು ನಕ್ಕ. ಬೇರೆ ಹೇಗೆ ಬರೆಯಲಿ?

---

ಮೆಟ್ಟೆ ಅನ್ನುವುದು ಮಾರ್ಗ್ರೆಟೆಯ ಮೊಟಕು. ಬೇರು ಗ್ರೀಕಿನ ಮಾರ್ಗರಿಟೇಸ್, ಅಂದರೆ ಮುತ್ತು. ಮುತ್ತಮ್ಮ ಅಂತ ಹಾಕಿ, ಮುಗೀತು. ಮುತ್ತು ನಮ್ಮದೇ ಪದ. ದಯವಿಟ್ಟು ಯಾರೂ 'ಮುಕ್ತಾ' ಅಂತ ಸಂಸ್ಕೃತ ತುರುಕಬೇಡಿ.

---

ಮುತ್ತಮ್ಮ ಕೋಪನ್‌ಹೇಗನ್‌ನಲ್ಲಿ ಏನು ಮಾಡ್ತಾಳೆ ಸರ್?

ಮೇಡಂ, ಡೇನಿಶ್‌ನಲ್ಲಿ ಟಿ ಎರಡು ಸಲ ಬರೆಯುವುದು ಒತ್ತಿಗಲ್ಲ, ಹಿಂದಿನ ಸ್ವರ ಗಿಡ್ಡ ಅಂತ ತೋರಿಸೋಕೆ. ಕೊನೆಯ ಸ್ವರವೂ ನಮ್ಮ ಎಕಾರವಲ್ಲ, ಅಕಾರದ ಹಾಗೆ ತೇಲಿಹೋಗುತ್ತದೆ. ಮೆಟ ಅಂತ ಬರೆಯಿರಿ. ಮೆಟಳಿಗೆ, ಮೆಟಳಿಂದ ಅಂತ ವಿಭಕ್ತಿಯೂ ಸಲೀಸು. ಎಳೆದು ಮೆಟಾ ಮಾತ್ರ ಮಾಡಬೇಡಿ, ಫೇಸ್‌ಬುಕ್ ಕಂಪನಿ ಆಗಿಬಿಡುತ್ತೆ.

ಬೋಡಿಲ್‌ನ ಡಿ ನಮ್ಮ ಡಕಾರದಷ್ಟು ಗಟ್ಟಿಯಲ್ಲ, ದಕಾರದ ಹತ್ತಿರ ಬರುತ್ತದೆ. ಬೋದಿಲ್ ಸಾಕು. ಅದು ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ) ಹೆಸರು: ಬೋತ್ ಅಂದರೆ ಪರಿಹಾರ, ಹಿಲ್ಡರ್ ಅಂದರೆ ಕಾಳಗ. ಇದನ್ನೂ ಅನುವಾದ ಮಾಡ್ತೀರಾ ಸರ್? ಪರಿಹಾರಕಾಳಗಮ್ಮ?

---

ತಮಾಷೆ ಜಾಸ್ತಿಯಾಯಿತು. ಹೊರಗಿನದನ್ನೆಲ್ಲ ಹೀಗೆ ಹಾಗೇ ನುಂಗುತ್ತಾ ಬಂದಿದ್ದಕ್ಕೇ ಕನ್ನಡಕ್ಕೆ ಈ ಗತಿ.

---

ಡೇನರು ನುಂಗಲಿಲ್ವಾ? ಕ್ಯಾಥರೀನ್ ಅವರ ಬಾಯಲ್ಲಿ ಕಾರೆನ್ ಆದಳು. ಪೆಟ್ರೊನಿಲ್ಲ ಪೆರ್ನಿಲ್ಲೆ ಆದಳು. ಅಪೊಲೋನಿಯ ಮೊದಲು ಅಬೆಲೋನೆ, ಆಮೇಲೆ ಬಾಲ ಮಾತ್ರ ಉಳಿದು ಲೋನೆ. ಯಾರೂ ಅರ್ಥ ಕೇಳಲಿಲ್ಲ, ಸುಮ್ನೆ ನಾಲಿಗೆಗೆ ಒಗ್ಗಿಸಿಕೊಂಡರು. ಕೃಷ್ಣ ನಮ್ಮಲ್ಲಿ ಕಿಟ್ಟಿ ಆದ ಹಾಗೆ, ಲಕ್ಷ್ಮಿ ಲಚ್ಚಿ ಆದ ಹಾಗೆ. 2024ರ ಜನವರಿಯಲ್ಲಿ ರಾಣಿ ಎರಡನೇ ಮಾರ್ಗ್ರೆಟೆ ಗದ್ದುಗೆ ಬಿಟ್ಟಾಗ ನೀವು 'ಮುತ್ತಮ್ಮ ರಾಣಿ' ಅಂತ ಬರೆದಿದ್ರಾ ಸರ್?

---

ಬೇಡ ಅಂದರೆ ಬೇಡ ಬಿಡಿ. ಕಿಟ್ಟಿ ತದ್ಭವ, ಅದು ಬೇರೆ ವಿಷಯ.

---

ಇಬ್ಬರಿಗೂ ಥ್ಯಾಂಕ್ಸ್. ಮೆಟ, ಬೋದಿಲ್ ಅಂತ ತಿದ್ದಿ ಕಳಿಸಿದೆ. ಒಂದು ಮರೆತಿದ್ದೆ. ಕಥೆಯಲ್ಲಿ ಡಾಗ್ಮಾರ್ ಅಂತ ಅಜ್ಜಿ ಇದ್ದಾಳೆ. 1205ರಲ್ಲಿ ಬೊಹೀಮಿಯಾದಿಂದ (ಈಗಿನ ಚೆಕ್ ದೇಶದ ಭಾಗ) ಮದುವೆಯಾಗಿ ಬಂದ ರಾಣಿಯ ಹೆಸರಂತೆ, ಬೇರು ಸ್ಲಾವಿಕ್. ಮಗ ಆಗಲೇ ಡಾಂಬರಜ್ಜಿ ಅಂತಿದ್ದಾನೆ. ಅವಳನ್ನು ಹಾಗೇ ಬಿಟ್ಟಿದ್ದೇನೆ.