2028ರ ಲೆಕ್ಕ: ಅಂಜೂರದ ಮರ ಏನು ಹೇಳುತ್ತದೆ?

ಪ್ರಶ್ನೆ (ಬೇಳ, ಕಾಸರಗೋಡು): ಕುಂಬಳೆ ಪೇಟೆಯಲ್ಲಿ ಹಂಚುತ್ತಿರುವ ಕರಪತ್ರವೊಂದರಲ್ಲಿ, ಇಸ್ರೇಲ್ ದೇಶ ಹುಟ್ಟಿದ 1948ಕ್ಕೆ 80 ಕೂಡಿಸಿ, 2028ಕ್ಕೆ ಕ್ರಿಸ್ತನ ಎರಡನೇ ಬರೋಣ ಎಂದಿದೆ. ಇದಕ್ಕೆ ಆಧಾರವೇನು?

ಉತ್ತರ 1: ಎರಡು ವಚನಗಳ ಜೋಡಣೆ ಅಷ್ಟೆ. ಮತ್ತಾಯ 24:32ರ ಚಿಗುರುವ ಅಂಜೂರವನ್ನು ಇಸ್ರೇಲ್ ಎಂದು ಹಿಡಿದು, ಅದನ್ನು ಕಂಡ ತಲೆಮಾರು ಅಳಿಯುವ ಮೊದಲೇ ಕ್ರಿಸ್ತ ಬರುತ್ತಾನೆಂದು ಓದಿ, ಕೀರ್ತನೆ 90:10ರ ‘ಎಂಬತ್ತು ವರ್ಷ’ವನ್ನು ಒಂದು ತಲೆಮಾರು ಎನ್ನುತ್ತಾರೆ. ಆದರೆ ಆ ಕೀರ್ತನೆ ಹೇಳುವುದು ಒಬ್ಬ ಮನುಷ್ಯನ ಆಯುಸ್ಸನ್ನು. ಲೂಕ 21:29 ನೋಡಿ, ಅಲ್ಲಿ ಅಂಜೂರದ ಜೊತೆ ‘ಎಲ್ಲಾ ಮರಗಳು’ ಎಂದೂ ಇದೆ. ಚಿಗುರಿದರೆ ಬೇಸಿಗೆ ಹತ್ತಿರ, ಉಪಮೆ ಅಷ್ಟೇ. ತಲೆಮಾರಿಗೆ 40 ವರ್ಷ ಹಿಡಿದವರ 1988 ಯಾವತ್ತೋ ದಾಟಿತು.

ಉತ್ತರ 2: ಇಂಥ ಲೆಕ್ಕ ಹಿಂದೆಯೂ ಸೋತಿದೆ. ಕ್ರಿಸ್ತ ಮರಳಿ ಬರುವ ವರ್ಷ ಹುಡುಕಿದ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿ.ಪೂ. 457ರಿಂದ 1843ಕ್ಕೆ ಬಂದರು. ಸೊನ್ನೆ ವರ್ಷ ಇಲ್ಲದ್ದರಿಂದ ಅದು 1844 ಆಯಿತು. ಅಕ್ಟೋಬರ್ 22 ಬಂತು, ಹೋಯಿತು. ನಂಬಿ ಕಾದವರ ಸಂಕಟ ದೊಡ್ಡದು. ಗಣಿತವಲ್ಲ, ದಿನವನ್ನು ವರ್ಷ ಮಾಡಿದ ಊಹೆಯೇ ಕೈಕೊಟ್ಟದ್ದು.

ಉತ್ತರ 3: ಮಾರ್ಕ 13:32 ಓದಿ: ಆ ದಿನ ತಂದೆಗೆ ಹೊರತು ಮಗನಿಗೂ ತಿಳಿಯದು. 35ನೇ ವಚನದಲ್ಲಿ ಸಂಜೆ, ಮಧ್ಯರಾತ್ರಿ, ಕೋಳಿ ಕೂಗುವ ಹೊತ್ತು, ಬೆಳಿಗ್ಗೆ ಎಂದು ರೋಮನ್ನರ ನಾಲ್ಕೂ ಜಾವಗಳಿವೆ. ಬಾಗಿಲು ಕಾಯುವವನಿಗೆ ಯಾವ ಜಾವವೂ ಬಿಡುವಲ್ಲ. ಕರಪತ್ರ ಕೊಡುವವರಿಗೆ ಈ ವಚನವನ್ನೇ ತೋರಿಸಿ.